ಎಂಟು ಹುಡುಗಿಯರು ಒಂದೇ ಮನೆಯಲ್ಲಿದ್ದರೆ ಅಮೆರಿಕದಲ್ಲಿ ಅಪರಾಧವಾ?

ಓದುಗರ ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಅವಳ ಕಾಲೇಜಿನಲ್ಲಿ ಫ್ರಾಟರ್ನಿಟಿ ಎಂಬ ಹುಡುಗರ ಸಂಘಗಳಿಗೆ ದೊಡ್ಡ ದೊಡ್ಡ ಮನೆಗಳಿವೆ. ಸೊರಾರಿಟಿ ಎಂಬ ಹುಡುಗಿಯರ ಸಂಘಗಳಿಗೆ ಒಂದೂ ಮನೆ ಇಲ್ಲ. ಯಾಕೆ ಅಂತ ಕೇಳಿದರೆ, ಆರು ಜನಕ್ಕಿಂತ ಜಾಸ್ತಿ ಹೆಂಗಸರು ಒಂದೇ ಮನೆಯಲ್ಲಿದ್ದರೆ ಅದನ್ನು ವೇಶ್ಯಾಗೃಹ ಎಂದು ಲೆಕ್ಕ ಹಿಡಿಯುವ ಹಳೇ ಕಾನೂನು ಇದೆ ಎಂದು ಸೀನಿಯರ್‌ಗಳು ಹೇಳಿದರಂತೆ. ಈಗ ಅವಳೂ ಏಳು ಜನ ಗೆಳತಿಯರೂ ಸೇರಿ ಒಂದು ಮನೆ ಬಾಡಿಗೆಗೆ ಹಿಡಿಯುವ ಯೋಚನೆಯಲ್ಲಿದ್ದಾರೆ. ನಿಜವಾಗಲೂ ಅಂಥ ಕಾನೂನು ಇದೆಯಾ?

ಉತ್ತರ: ಇಲ್ಲ. ಆ ಭಯ ಬೇಡ. ಆದರೆ ಮನೆ ಹಿಡಿಯುವ ಮುಂಚೆ ಬೇರೆ ಒಂದು ಕಾನೂನನ್ನು ನೋಡಲೇಬೇಕು. ಅದನ್ನು ಕೊನೆಗೆ ಹೇಳುತ್ತೇನೆ.

ಈ ಪ್ರಶ್ನೆ ನನಗೆ ಹೊಸದೇನಲ್ಲ. ಮಕ್ಕಳನ್ನು ಅಮೆರಿಕಕ್ಕೆ ಓದಲು ಕಳಿಸಿದ ಅಪ್ಪ ಅಮ್ಮಂದಿರು ಆಗಾಗ ಕೇಳುತ್ತಲೇ ಇರುತ್ತಾರೆ. ಒಬ್ಬರು ಆರು ಜನ ಅಂತಾರೆ, ಇನ್ನೊಬ್ಬರು ಎಂಟು, ಮತ್ತೊಬ್ಬರು ಹನ್ನೆರಡು. ಊರಿಂದ ಊರಿಗೆ ಲೆಕ್ಕ ಬದಲಾಗುತ್ತದೆ, ಕಥೆ ಮಾತ್ರ ಅದೇ. ಆ ಕಾನೂನಿನ ಹೆಸರೇನು, ಯಾವ ವರ್ಷದ್ದು, ಯಾವ ಸೆಕ್ಷನ್ ಎಂದು ಕೇಳಿ ನೋಡಿ. ಯಾರಿಗೂ ಗೊತ್ತಿರುವುದಿಲ್ಲ. "ತುಂಬಾ ಹಳೇದು, ತೆಗೆಯೋದಕ್ಕೆ ಮರೆತಿದ್ದಾರೆ" ಅನ್ನುತ್ತಾರೆ ಅಷ್ಟೆ. ಅಂತೆ ಕಂತೆಗಳ ಸಂತೆಯಲ್ಲಿ ಸಿಗುವ ಸರಕೆಲ್ಲ ಹೀಗೇ ಇರುತ್ತದೆ ಅಲ್ವಾ?

ಇದು ಸುಳ್ಳು ಎಂದು ತಿಳಿಯಲು ಕಾನೂನು ಪುಸ್ತಕ ತಿರುವಿಹಾಕಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ವಿಶ್ವವಿದ್ಯಾಲಯದ ದಕ್ಷಿಣಕ್ಕಿರುವ ಬೀದಿಗಳಲ್ಲಿ ಒಂದು ಸಂಜೆ ನಡೆದರೆ ಸಾಕು. ಪೀಡ್‌ಮಾಂಟ್ ಅವೆನ್ಯೂ, ಚಾನಿಂಗ್ ವೇ, ಡ್ಯುರಾಂಟ್ ಅವೆನ್ಯೂ. ಬಾಗಿಲ ಮೇಲೆ ಎರಡೋ ಮೂರೋ ಗ್ರೀಕ್ ಅಕ್ಷರ ಬರೆದ ದೊಡ್ಡ ಮನೆಗಳು ಸಾಲಾಗಿ ನಿಂತಿವೆ. ಒಂದೊಂದರಲ್ಲೂ ಹತ್ತಾರು ಹುಡುಗಿಯರು ಇರುತ್ತಾರೆ. ಆರು, ಎಂಟರ ಮಾತು ಎಲ್ಲಿಂದ ಬಂತು! ಇವು ಗುಟ್ಟಾಗಿ ನಡೆಯುವ ಮನೆಗಳೂ ಅಲ್ಲ. ನೂರು ವರ್ಷ ದಾಟಿದವೂ ಇವೆ. ಪೊಲೀಸರು ದಿನಾ ಅದೇ ಬೀದಿಯಲ್ಲಿ ಓಡಾಡುತ್ತಾರೆ.

ಹಾಗಾದರೆ ಕೆಲವು ಊರಲ್ಲಿ ಈ ಮನೆಗಳು ಯಾಕಿವೆ, ಕೆಲವು ಊರಲ್ಲಿ ಯಾಕಿಲ್ಲ? ಇದೇ ಕೇಳಬೇಕಾದ ಪ್ರಶ್ನೆ. ಇದಕ್ಕೆ ಬರ್ಕ್ಲಿಯ ಕಥೆಯನ್ನೇ ಹೇಳುತ್ತೇನೆ. ನನಗೆ ಚೆನ್ನಾಗಿ ಗೊತ್ತಿರುವ ಊರು ಅದು.

ಮೊದಲು ಆ ಪದದ ವಿಷಯ. ಲ್ಯಾಟಿನ್‌ನಲ್ಲಿ ಫ್ರಾಟರ್ ಎಂದರೆ ಅಣ್ಣ ತಮ್ಮ, ಸೊರೋರ್ ಎಂದರೆ ಅಕ್ಕ ತಂಗಿ. ಹುಡುಗರು ಫ್ರಾಟರ್ನಿಟಿ ಕಟ್ಟಿಕೊಂಡು ಗ್ರೀಕ್ ಅಕ್ಷರದ ಹೆಸರಿಟ್ಟುಕೊಂಡರು, ಹುಡುಗಿಯರನ್ನು ಒಳಗೆ ಬಿಡಲಿಲ್ಲ. ಹುಡುಗಿಯರು ತಮ್ಮದೇ ಕಟ್ಟಿಕೊಂಡರು. ಇಂಡಿಯಾನಾದ ಗ್ರೀನ್‌ಕ್ಯಾಸಲ್‌ನಲ್ಲಿ 1870ರ ಜನವರಿಯಲ್ಲಿ ಕಪ್ಪಾ ಆಲ್ಫಾ ಥೀಟಾ, ಅದೇ ವರ್ಷ ಅಕ್ಟೋಬರ್‌ನಲ್ಲಿ ಇಲಿನಾಯ್‌ನ ಮಾನ್ಮತ್‌ನಲ್ಲಿ ಕಪ್ಪಾ ಕಪ್ಪಾ ಗಾಮಾ ಹುಟ್ಟಿದವು. ಆಗ ಇವನ್ನು ಹೆಂಗಸರ ಫ್ರಾಟರ್ನಿಟಿ ಅಂತಲೇ ಕರೆಯುತ್ತಿದ್ದರು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ ಫ್ರಾಂಕ್ ಸ್ಮಾಲಿ ಎಂಬ ಲ್ಯಾಟಿನ್ ಮೇಷ್ಟ್ರು ಇದ್ದರು. ಹುಡುಗಿಯರ ಗುಂಪಿಗೆ ಅಣ್ಣತಮ್ಮಂದಿರ ಹೆಸರೇ ಅಂತ ಅವರಿಗೆ ಕಸಿವಿಸಿಯಾಯಿತೋ ಏನೋ, 1882ರಲ್ಲಿ 'ಸೊರಾರಿಟಿ' ಎಂಬ ಪದ ಕೊಟ್ಟರು.

ಸ್ವಂತ ಮನೆ ಕಟ್ಟಿದ ಮೊದಲ ಹುಡುಗಿಯರೂ ಸಿರಕ್ಯೂಸ್‌ನವರೇ. ಆಲ್ಫಾ ಫೈ ಎಂಬ ಸಂಘದವರು 1886ರಲ್ಲಿ ಯೂನಿವರ್ಸಿಟಿ ಪ್ಲೇಸ್ ಎಂಬ ಬೀದಿಯಲ್ಲಿ ತಮ್ಮ ಮನೆಗೆ ಅಡಿಗಲ್ಲು ಹಾಕಿದರು. ಆಗ ಆ ರಾಜ್ಯದಲ್ಲಿ ಹೆಂಗಸರಿಗೆ ವೋಟು ಹಾಕುವ ಹಕ್ಕೇ ಇರಲಿಲ್ಲ. ವೋಟು ಸಿಕ್ಕಿದ್ದು 1917ರಲ್ಲಿ. ವೋಟಿಗಿಂತ 31 ವರ್ಷ ಮುಂಚೆಯೇ ಮನೆ ಬಂದಿತ್ತು.

ಈಗ ಬರ್ಕ್ಲಿಗೆ ಬರೋಣ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಶುರುವಾಗಿದ್ದು 1868ರಲ್ಲಿ, ಪಕ್ಕದ ಓಕ್ಲೆಂಡ್‌ನಲ್ಲಿ. 1870ರಿಂದಲೇ ಹುಡುಗಿಯರಿಗೂ ಪ್ರವೇಶ ಕೊಟ್ಟರು. 1873ರಲ್ಲಿ ಬರ್ಕ್ಲಿಯ ಗುಡ್ಡದ ಬುಡಕ್ಕೆ ಬಂದರು. ತರಗತಿ ಕಟ್ಟಿದರು, ಲೈಬ್ರರಿ ಕಟ್ಟಿದರು, ಆದರೆ ಹಾಸ್ಟೆಲ್ ಕಟ್ಟಲಿಲ್ಲ. ಪಾಠ ಹೇಳುವುದು ನಮ್ಮ ಕೆಲಸ, ಮಲಗುವುದು ನಿಮ್ಮ ಕೆಲಸ ಅನ್ನುವ ಧೋರಣೆ. ದುಡ್ಡೂ ಇರಲಿಲ್ಲ. 1874ರಲ್ಲಿ ಕೆಲವು ಸಣ್ಣ ಕಾಟೇಜು ಕಟ್ಟಿದ್ದು ಬಿಟ್ಟರೆ ಮತ್ತೇನೂ ಇಲ್ಲ. ಸುತ್ತ ಗೋಧಿ ಹೊಲ, ಕೆಲವೇ ಮನೆ. ಎಷ್ಟೋ ಮಕ್ಕಳು ಸ್ಯಾನ್ ಫ್ರಾನ್ಸಿಸ್ಕೋದಿಂದ ದಿನಾ ದೋಣಿ ಹತ್ತಿ, ಆಮೇಲೆ ರೈಲು ಹಿಡಿದು ಬರುತ್ತಿದ್ದರು.

ಹಾಸ್ಟೆಲ್ ಯಾವಾಗ ಬಂತು ಅಂತೀರಾ? ಹುಡುಗರಿಗೆ ಬೋಲ್ಸ್ ಹಾಲ್, 1929ರಲ್ಲಿ. ಅದೂ ಒಬ್ಬ ಶ್ರೀಮಂತ ವಿಧವೆ ಕೊಟ್ಟ ದುಡ್ಡಿನಲ್ಲಿ. ಹುಡುಗಿಯರಿಗೆ ಸ್ಟರ್ನ್ ಹಾಲ್, 1942ರಲ್ಲಿ. ಅದೂ ದಾನವೇ. ಎಂದರೆ ಬರ್ಕ್ಲಿಗೆ ಬಂದ ಮೇಲೆ 69 ವರ್ಷ ಆ ದೊಡ್ಡ ವಿಶ್ವವಿದ್ಯಾಲಯ ಹುಡುಗಿಯರಿಗೆ ತನ್ನದೇ ಆದ ಒಂದು ಹಾಸ್ಟೆಲ್ ಕೊಡಲಿಲ್ಲ. ಸೊರಾರಿಟಿ ಮನೆಗಳ ಇತಿಹಾಸಕ್ಕೆ ಇದೇ ಕೀಲಿಕೈ. ಕಾನೂನು, ಸಂಪ್ರದಾಯ, ಗ್ರೀಕ್ ಅಕ್ಷರ ಎಲ್ಲ ಆಮೇಲಿನ ಮಾತು. ಮಲಗಲು ಜಾಗ ಬೇಕಿತ್ತು, ಅದು ಮೊದಲ ಮಾತು.

ಕರ್ನಾಟಕದವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ಬೆಂಗಳೂರು, ಮೈಸೂರು, ಧಾರವಾಡದಲ್ಲಿ ಒಂದೊಂದು ಸಮುದಾಯದವರೂ ತಮ್ಮ ಮಕ್ಕಳಿಗೆ ಹಾಸ್ಟೆಲ್ ಕಟ್ಟಿಸಿದ್ದು ಯಾಕೆ? ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಇರಲು ಜಾಗವಿರಲಿಲ್ಲ ಅಂತ. ಅನುಕೂಲವೂ ಆಯಿತು, ನಮ್ಮವರು ಬೇರೆಯವರು ಎಂಬ ಗೆರೆಯೂ ಗಟ್ಟಿಯಾಯಿತು. ಬರ್ಕ್ಲಿಯಲ್ಲೂ ಆಗಿದ್ದು ಹೆಚ್ಚುಕಡಿಮೆ ಅದೇ.

ಕಪ್ಪಾ ಕಪ್ಪಾ ಗಾಮಾ 1880ರಲ್ಲಿ ಅಲ್ಲಿಗೆ ಬಂತು, ಐದು ವರ್ಷಕ್ಕೆ ಬಾಗಿಲು ಹಾಕಿತು, 1897ರಲ್ಲಿ ಮತ್ತೆ ತೆರೆಯಿತು. ಕಪ್ಪಾ ಆಲ್ಫಾ ಥೀಟಾ 1890ರಲ್ಲಿ ಬಂತು. ಮೊದಮೊದಲು ಬಾಡಿಗೆ ಮನೆ. ಆಮೇಲೆ ಹಳೇ ವಿದ್ಯಾರ್ಥಿನಿಯರು ಸೇರಿ ಹೌಸ್ ಕಾರ್ಪೊರೇಷನ್ ಎಂಬ, ಮನೆಯ ಒಡೆತನದ ಸಂಸ್ಥೆ ಮಾಡಿಕೊಳ್ಳುವುದು, ಚಂದಾ ಎತ್ತುವುದು, ಸಾಲ ಮಾಡುವುದು, ಸೈಟು ಕೊಳ್ಳುವುದು. ಮನೆ ಇವತ್ತಿಗೂ ಸಾಮಾನ್ಯವಾಗಿ ಅಂಥ ಕಾರ್ಪೊರೇಷನ್ ಹೆಸರಲ್ಲೇ ಇರುತ್ತದೆ. ಅಲ್ಲಿರುವ ಹುಡುಗಿಯರು ಬಾಡಿಗೆ ಕೊಡುತ್ತಾರೆ, ಓದು ಮುಗಿಸಿ ಹೋಗುತ್ತಾರೆ, ಕೆಲವರು ಇಪ್ಪತ್ತು ವರ್ಷವಾದ ಮೇಲೆ ಅದೇ ಕಾರ್ಪೊರೇಷನ್ನಿನ ಲೆಕ್ಕ ನೋಡುತ್ತಾರೆ.

ಥೀಟಾದವರ ಮನೆ ಡ್ಯುರಾಂಟ್ ಅವೆನ್ಯೂದಲ್ಲಿದೆ. 1908ರದ್ದು. ಅದರ ನಕ್ಷೆ ಹಾಕಿದ್ದು ಜೂಲಿಯಾ ಮಾರ್ಗನ್. ಆಕೆ ಬರ್ಕ್ಲಿಯಲ್ಲೇ ಸಿವಿಲ್ ಎಂಜಿನಿಯರಿಂಗ್ ಓದಿ 1894ರಲ್ಲಿ ಪಾಸಾದವರು. ಓದುವಾಗ ಥೀಟಾ ಸದಸ್ಯೆ. ಪ್ಯಾರಿಸ್‌ನ ಎಕೋಲ್ ದೆ ಬೋಜಾರ್‌ನಲ್ಲಿ ವಾಸ್ತುಶಿಲ್ಪದ ಸರ್ಟಿಫಿಕೇಟ್ ಪಡೆದ ಮೊದಲ ಹೆಂಗಸು. 1904ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಕಿಟೆಕ್ಟ್ ಲೈಸೆನ್ಸ್ ಪಡೆದ ಮೊದಲ ಹೆಂಗಸೂ ಅವರೇ. ಮುಂದೆ ಪತ್ರಿಕೆಗಳ ಧಣಿ ಹರ್ಸ್ಟ್‌ಗೆ ಸ್ಯಾನ್ ಸಿಮಿಯನ್‌ನಲ್ಲಿ ಅರಮನೆಯಂಥ ಮನೆ ಕಟ್ಟಿಕೊಟ್ಟು ಹೆಸರಾದರು. ಹುಡುಗಿಯರ ಮನೆಗೆ ಆ ಮನೆಯದೇ ಹುಡುಗಿ ನಕ್ಷೆ ಹಾಕಿದ್ದು ನನಗಂತೂ ತುಂಬಾ ಇಷ್ಟವಾಗುವ ವಿಷಯ.

ಆ ಕಾಲದ ಸೊರಾರಿಟಿ ಮನೆಯ ಒಳಗೆ ಹೇಗಿತ್ತು? ಕೆಳಗೆ ದೊಡ್ಡ ಹಾಲು, ಬೆಂಕಿಗೂಡು, ಪಿಯಾನೋ, ಉದ್ದನೆ ಊಟದ ಕೋಣೆ. ಮೇಲೆ ಸಣ್ಣ ಸಣ್ಣ ಕೋಣೆ. ಅವು ಓದಲು, ಬಟ್ಟೆ ಇಡಲು. ಮಲಗುವುದಕ್ಕೆ ಅಲ್ಲ! ಮಲಗಲು 'ಸ್ಲೀಪಿಂಗ್ ಪೋರ್ಚ್' ಎಂದು ಬೇರೆ ಜಾಗ. ಮಹಡಿಯ ಮೇಲೆ ಒಂದು ಉದ್ದನೆ ಜಗಲಿ, ಸುತ್ತ ಕಿಟಕಿ, ಅದರಲ್ಲಿ ಆಸ್ಪತ್ರೆ ವಾರ್ಡಿನ ಹಾಗೆ ಸಾಲು ಮಂಚ. ಚಳಿಯಲ್ಲೂ ಕಿಟಕಿ ತೆರೆದೇ ಇರಬೇಕು. ಆಗ ಕ್ಷಯದ ಭಯ ಜಾಸ್ತಿ. ಹೊರಗಿನ ಗಾಳಿಯಲ್ಲಿ ಮಲಗಿದರೆ ಶ್ವಾಸಕೋಶ ಗಟ್ಟಿಯಾಗುತ್ತದೆ ಎಂದು ಡಾಕ್ಟರುಗಳೇ ಹೇಳುತ್ತಿದ್ದರು. ಬರ್ಕ್ಲಿಯಲ್ಲಿ ಬೇಸಿಗೆಯಲ್ಲೂ ಸಮುದ್ರದ ಕಡೆಯಿಂದ ಮಂಜು ನುಗ್ಗುತ್ತದೆ. ಕಂಬಳಿ ಹೊದ್ದು, ಉಣ್ಣೆ ಟೋಪಿ ಹಾಕಿ ಮಲಗಿದ ಹುಡುಗಿಯರ ಸಾಲನ್ನು ಸುಮ್ನೆ ಕಲ್ಪಿಸಿಕೊಳ್ಳಿ. ಒಂದೇ ಮನೆಯಲ್ಲಿ ಅಷ್ಟು ಜನ ಹಿಡಿಸಿದ್ದರ ಗುಟ್ಟೂ ಈ ಜಗಲಿಯೇ.

ಊಟ ಬಡಿಸಲು ಹುಡುಗರು ಬರುತ್ತಿದ್ದರು. ಅವರಿಗೆ ಅಲ್ಲಿ 'ಹ್ಯಾಶರ್' ಅಂತ ಹೆಸರು. ಬಡಿಸಿ, ತಟ್ಟೆ ತೊಳೆದು, ಅಡುಗೆಮನೆಯಲ್ಲೇ ಉಂಡು ಹೋಗುವುದು. ಸಂಬಳ ಇಲ್ಲ, ಊಟವೇ ಕೂಲಿ. ನಮ್ಮ ವಾರಾನ್ನದ ಹುಡುಗರು ನೆನಪಾಗುತ್ತಾರೆ. 1930ರ ದಶಕದಲ್ಲಿ ಗಾಮಾ ಫೈ ಬೀಟಾ ಮನೆಯಲ್ಲಿ ಹೀಗೆ ತಟ್ಟೆ ತೊಳೆದ ಒಬ್ಬ ಎತ್ತರದ ಹುಡುಗನ ಹೆಸರು ಗ್ರೆಗರಿ ಪೆಕ್. ಮುಂದೆ ಹಾಲಿವುಡ್‌ನಲ್ಲಿ ದೊಡ್ಡ ನಟ. ಆಗ ವರ್ಷದ ಫೀಸು 26 ಡಾಲರ್. ಅದನ್ನು ಹೊಂದಿಸುವುದೇ ಅವನಿಗೆ ಕಷ್ಟವಾಗಿತ್ತು.

ಈಗ ವೇಶ್ಯಾಗೃಹದ ಮಾತಿಗೆ ವಾಪಸ್ ಬರೋಣ. ಈ ಮನೆಗಳಲ್ಲಿ ಒಬ್ಬ ವಯಸ್ಸಾದ ಹೆಂಗಸು ಇರಲೇಬೇಕಿತ್ತು. ಅವಳನ್ನು 'ಹೌಸ್ ಮದರ್' ಎನ್ನುತ್ತಿದ್ದರು. ಹೊರಗೆ ಹೋಗುವಾಗ ಪುಸ್ತಕದಲ್ಲಿ ಹೆಸರು, ಹೋಗುವ ಜಾಗ ಬರೆಯಬೇಕು. ರಾತ್ರಿ ಇಂಥ ಗಂಟೆಗೆ ಬಾಗಿಲು ಹಾಕುತ್ತಾರೆ, ತಡವಾದರೆ ಶಿಕ್ಷೆ. ಗಂಡಸರು ಕೆಳಗಿನ ಹಾಲಿನಿಂದ ಮುಂದೆ ಕಾಲಿಡುವ ಹಾಗಿಲ್ಲ. ಬರ್ಕ್ಲಿಯಲ್ಲಿ 1906ರಲ್ಲಿ ಲೂಸಿ ಸ್ಪ್ರೇಗ್ ಮೊದಲ 'ಡೀನ್ ಆಫ್ ವಿಮೆನ್' ಆದರು. ಅಮೆರಿಕದ ಕಾಲೇಜುಗಳಲ್ಲೆಲ್ಲ ಇಂಥ ಡೀನುಗಳು ಹುಡುಗಿಯರ ವಸತಿಯ ಮೇಲೆ ಕಣ್ಣಿಡುವ ಕಾಲ ಅದು. ಯಾರದೋ ಮನೆಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇರುವ ಹುಡುಗಿಗಿಂತ ಸೊರಾರಿಟಿ ಮನೆಯಲ್ಲಿ ಇರುವವಳ ಬಗ್ಗೆ ಅಪ್ಪ ಅಮ್ಮನಿಗೆ ನೆಮ್ಮದಿ ಜಾಸ್ತಿ. ಊರಿನವರ ಕಣ್ಣಿಗೆ ಅದು ಮರ್ಯಾದೆಯ ಮನೆ, ಸ್ವಲ್ಪ ಅತಿಯೇ ಎನ್ನುವಷ್ಟು. ಅಂಥ ಮನೆಯನ್ನು ಸರ್ಕಾರ ಸೂಳೆಮನೆ ಎಂದು ಕರೆಯುತ್ತಿತ್ತು ಅಂತ ನಂಬುವುದು ಹೇಗೆ?

ನಿಜವಾದ ವೇಶ್ಯಾಗೃಹದ ಕಾನೂನು ಇರಲಿಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದಲ್ಲಿ 1913ರಲ್ಲಿ ರೆಡ್ ಲೈಟ್ ಅಬೇಟ್‌ಮೆಂಟ್ ಆಕ್ಟ್ ಬಂತು. ಅದನ್ನೇ ಹಿಡಿದು 1917ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬಾರ್ಬರಿ ಕೋಸ್ಟ್ ಎಂಬ ಕುಖ್ಯಾತ ಬೀದಿಗಳನ್ನು ಮುಚ್ಚಿಸಿದರು. ಬರ್ಕ್ಲಿಯಿಂದ ನೇರ ಕೊಲ್ಲಿಯ ಆಚೆ ದಡ. ಆ ಕಾನೂನು ಹಿಡಿದಿದ್ದು ಕಟ್ಟಡದ ಮಾಲೀಕನನ್ನು. ಮನೆಯೊಳಗೆ ಏನು ನಡೆಯುತ್ತದೆ ಎನ್ನುವುದು ಅದಕ್ಕೆ ಮುಖ್ಯ. ಎಷ್ಟು ಜನ ಹೆಂಗಸರು ಇದ್ದಾರೆ ಎಂದು ಅದು ಎಣಿಸಲೇ ಇಲ್ಲ. ಎಣಿಸುವ ಕಾನೂನು ಮಾಡಿದರೆ ಏನಾಗುತ್ತದೆ ನೋಡಿ. ಕಾನ್ವೆಂಟು ಮುಚ್ಚಬೇಕು, ನರ್ಸುಗಳ ಕ್ವಾರ್ಟರ್ಸ್ ಮುಚ್ಚಬೇಕು, ಆರು ಹೆಣ್ಣುಮಕ್ಕಳನ್ನು ಹೆತ್ತ ತಾಯಿಯನ್ನು ಜೈಲಿಗೆ ಹಾಕಬೇಕು.

1923ರ ಸೆಪ್ಟೆಂಬರ್ 17. ಗುಡ್ಡದ ಹಿಂದಿನ ವೈಲ್ಡ್‌ಕ್ಯಾಟ್ ಕಣಿವೆಯಲ್ಲಿ ಎದ್ದ ಕಾಡ್ಗಿಚ್ಚು ಒಣಗಾಳಿಯ ಜೊತೆ ಊರಿಗೆ ಇಳಿಯಿತು. ಕ್ಯಾಂಪಸ್‌ನ ಉತ್ತರ ಭಾಗದಲ್ಲಿ ಮರದ ಮನೆಗಳು, ಚಾವಣಿಗೂ ಮರದ ಹಲಗೆಯೇ. ಒಂದು ಮಧ್ಯಾಹ್ನದಲ್ಲಿ ಸುಮಾರು 600 ಕಟ್ಟಡ ಬೂದಿಯಾದವು. ಸುಮಾರು 4,000 ಜನ ಮನೆ ಕಳೆದುಕೊಂಡರು. ಅವರಲ್ಲಿ ವಿದ್ಯಾರ್ಥಿಗಳೂ ಬಹಳ. ಸಂಜೆ ಹೊತ್ತಿಗೆ ಗಾಳಿ ತಿರುಗಿ ಕೊಲ್ಲಿಯ ಕಡೆಯಿಂದ ತಂಪು ಬೀಸಿದ್ದಕ್ಕೆ ಬೆಂಕಿ ನಿಂತಿತು. ಉತ್ತರ ಭಾಗದ ಫ್ರಾಟರ್ನಿಟಿ, ಸೊರಾರಿಟಿ ಮನೆಗಳು ಎಷ್ಟೋ ಸುಟ್ಟುಹೋದವು. ಹಾಗಾಗಿಯೇ ದಕ್ಷಿಣ ಭಾಗ ಇನ್ನಷ್ಟು ತುಂಬಿತು. ಪೀಡ್‌ಮಾಂಟ್ ಸುತ್ತಮುತ್ತ ಈ ಮನೆಗಳು ಒತ್ತೊತ್ತಾಗಿ ಇರುವುದಕ್ಕೆ ಬೆಂಕಿಯೂ ಒಂದು ಕಾರಣ. ಉತ್ತರದಲ್ಲಿ ಉಳಿದುಕೊಂಡ ಒಂದು ಮನೆ ಈಗ ಕಿಂಗ್‌ಮನ್ ಹಾಲ್. 1914ರಲ್ಲಿ ಹುಡುಗರ ಫ್ರಾಟರ್ನಿಟಿಗೆ ಕಟ್ಟಿದ್ದು. ಈಗ ವಿದ್ಯಾರ್ಥಿಗಳ ಸಹಕಾರ ಸಂಘದ ಮನೆ.

ಮನೆ ಇದ್ದವರ ಕಥೆ ಇದು. ಒಳಗೆ ಬಿಡದವರ ಕಥೆಯನ್ನೂ ಹೇಳಬೇಕು. ಇಲ್ಲದಿದ್ದರೆ ಸೊರಾರಿಟಿಯ ಇತಿಹಾಸ ಬರೀ ಪಿಯಾನೋ, ಬೆಂಕಿಗೂಡಿನ ಕಥೆಯಾಗಿಬಿಡುತ್ತದೆ.

ಈ ಸಂಘಗಳಿಗೆ ಅರ್ಜಿ ಹಾಕಿ ಸೇರುವುದಲ್ಲ, ಅವರೇ ಆರಿಸಿಕೊಳ್ಳಬೇಕು. ಅವರು ಆರಿಸಿಕೊಂಡಿದ್ದು ಬಿಳಿಯ, ಕ್ರಿಶ್ಚಿಯನ್, ಸ್ಥಿತಿವಂತರ ಮಕ್ಕಳನ್ನು. 1920ರಲ್ಲಿ ಐಡಾ ಜಾಕ್ಸನ್ ಎಂಬ ಕಪ್ಪು ಹುಡುಗಿ ಮಿಸಿಸಿಪ್ಪಿ ಕಡೆಯಿಂದ ಬಂದು ಬರ್ಕ್ಲಿ ಸೇರಿದರು. ಇಡೀ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳು ಬೆರಳೆಣಿಕೆಯಷ್ಟು. 1921ರಲ್ಲಿ ಅವರೂ ಗೆಳತಿಯರೂ ಸೇರಿ ಆಲ್ಫಾ ಕಪ್ಪಾ ಆಲ್ಫಾ ಎಂಬ ಕಪ್ಪು ಹೆಂಗಸರ ಸೊರಾರಿಟಿಯ ಶಾಖೆ ತೆರೆದರು. ಕಾಲೇಜಿನ ವಾರ್ಷಿಕ ಪುಸ್ತಕದಲ್ಲಿ ಎಲ್ಲ ಸಂಘಗಳ ಹಾಗೆ ತಮ್ಮದೂ ಫೋಟೋ ಬರಲಿ ಎಂದು ದುಡ್ಡು ಕಟ್ಟಿ, ಫೋಟೋ ತೆಗೆಸಿಕೊಂಡರು. ಪುಸ್ತಕ ಬಂದಾಗ ನೋಡಿದರೆ ಫೋಟೋ ಇಲ್ಲ. ಈಗ ಅದೇ ದಕ್ಷಿಣ ಭಾಗದಲ್ಲಿ, ಸೊರಾರಿಟಿ ಮನೆಗಳ ನೆರೆಯಲ್ಲೇ, ವಿಶ್ವವಿದ್ಯಾಲಯ ಕಟ್ಟಿಸಿದ ಒಂದು ವಿದ್ಯಾರ್ಥಿ ವಸತಿಗೆ ಐಡಾ ಜಾಕ್ಸನ್ ಅವರ ಹೆಸರಿದೆ. ಆ ಫೋಟೋಗೆ ಕಟ್ಟಿದ ದುಡ್ಡಿನ ಬಡ್ಡಿ ಅಂದುಕೊಳ್ಳಬಹುದೇನೋ.

ನಮ್ಮವರಿಗೂ ಇದೇ ಗತಿ. ಬರ್ಕ್ಲಿಗೆ ನೂರು ವರ್ಷಕ್ಕೂ ಹಿಂದೆಯೇ ಭಾರತದ ಹುಡುಗರು ಓದಲು ಹೋಗಿದ್ದರು. ಹಾಸ್ಟೆಲ್ ಇಲ್ಲ, ಬಾಡಿಗೆ ಮನೆಯವರು ಬಣ್ಣ ನೋಡಿ ಬಾಗಿಲು ಹಾಕುತ್ತಿದ್ದರು. ತಾವೇ ನಾಲಂದಾ ಕ್ಲಬ್ ಎಂಬ ಹಾಸ್ಟೆಲ್ ಮಾಡಿಕೊಂಡರು. ಬ್ರಿಟಿಷರ ವಿರುದ್ಧ ಅಮೆರಿಕದಲ್ಲಿದ್ದ ಭಾರತೀಯರು ಕಟ್ಟಿದ ಗದರ್ ಚಳವಳಿಯ ಕರ್ತಾರ್ ಸಿಂಗ್ ಸರಾಭಾ ಅಲ್ಲಿನ ಹುಡುಗರ ಜೊತೆ ಬೆರೆತವನು.

ಇದಕ್ಕೆ ಮದ್ದು ಹುಡುಕಿದವರು ಹ್ಯಾರಿ ಎಡ್ಮಂಡ್ಸ್ ಎಂಬುವರು. ಎಲ್ಲ ದೇಶ, ಎಲ್ಲ ಬಣ್ಣದ ವಿದ್ಯಾರ್ಥಿಗಳು, ಅದೂ ಹುಡುಗರು ಹುಡುಗಿಯರು ಒಂದೇ ಕಟ್ಟಡದಲ್ಲಿ ಇರುವ ಇಂಟರ್‌ನ್ಯಾಷನಲ್ ಹೌಸ್ ಕಟ್ಟಲು ಹೊರಟರು. ದುಡ್ಡು ಕೊಟ್ಟಿದ್ದು ಕುಬೇರ ರಾಕ್‌ಫೆಲರ್. ಜಾಗ ಎಲ್ಲಿ? ಬೇಕೂಂತಲೇ ಪೀಡ್‌ಮಾಂಟ್ ಅವೆನ್ಯೂ ಆರಿಸಿದರು, ಫ್ರಾಟರ್ನಿಟಿ ಸೊರಾರಿಟಿಗಳ ನಡುಮನೆಯಲ್ಲೇ. ಅಸಹನೆಯ ಮೂಗಿಗೇ ಗುದ್ದಬೇಕು ಎಂಬುದು ಅವರ ಲೆಕ್ಕ. ಊರಿನವರು ಸಿಡಿದೆದ್ದರು. ವಿರೋಧಿಸುವ ಸಭೆಗೆ 800ಕ್ಕೂ ಜಾಸ್ತಿ ಜನ ಸೇರಿದರಂತೆ. ಅಷ್ಟು ಜನರ ಎದುರು ನಿಂತು ಹೌಸ್ ಪರವಾಗಿ ಮಾತಾಡಿದ್ದು ದಿಲೈಲಾ ಬೀಸ್ಲಿ ಎಂಬ ಕಪ್ಪು ಪತ್ರಕರ್ತೆ. 1930ರಲ್ಲಿ ಬಾಗಿಲು ತೆರೆಯಿತು. ಆ ವಿರೋಧ ಮಾಡಿದವರಲ್ಲಿ ಬಾಡಿಗೆ ಮನೆ ಮಾಲೀಕರೂ ಇದ್ದರು ಎಂಬುದನ್ನು ನೆನಪಿಡಿ.

ಸೊರಾರಿಟಿಗಳ ಬಾಗಿಲು ಅಷ್ಟು ಸುಲಭಕ್ಕೆ ತೆರೆಯಲಿಲ್ಲ. 1959ರಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷ ಕ್ಲಾರ್ಕ್ ಕೆರ್, ಬಣ್ಣ ಧರ್ಮ ನೋಡುವ ನಿಯಮಗಳನ್ನು 1964ರ ಸೆಪ್ಟೆಂಬರ್ ಒಳಗೆ ತೆಗೆಯಬೇಕು ಎಂದು ಗಡುವು ಕೊಟ್ಟರು. ಐದು ವರ್ಷದ ಗಡುವು! ಅಷ್ಟರಲ್ಲಿ ಬರ್ಕ್ಲಿಯ ಗಾಳಿಯೇ ಬದಲಾಗಿತ್ತು. ಕ್ಯಾಂಪಸ್‌ನಲ್ಲಿ ಮಾತಿನ ಹಕ್ಕಿಗಾಗಿ ವಿದ್ಯಾರ್ಥಿಗಳು ನಡೆಸಿದ 1964ರ ಫ್ರೀ ಸ್ಪೀಚ್ ಚಳವಳಿ, ವಿಯೆಟ್ನಾಂ ಯುದ್ಧದ ವಿರೋಧ. ಬಿಳಿ ಗೌನು ತೊಟ್ಟು ಟೀ ಪಾರ್ಟಿ ಮಾಡುವುದು ಹಳಸಲು ಅನ್ನಿಸಿತು. ಸೇರುವವರು ಕಡಿಮೆಯಾದರು. ಎಷ್ಟೋ ಮನೆ ಖಾಲಿ ಬಿದ್ದವು, ಕೆಲವು ಕೈ ಬದಲಾದವು. 1980ರ ದಶಕದ ಹೊತ್ತಿಗೆ ಮತ್ತೆ ಚಿಗುರಿದವು.

ಸರಿ, ಕೆಲವು ಕಾಲೇಜಿನಲ್ಲಿ ಮನೆಗಳೇ ಇಲ್ಲವಲ್ಲ? ಕೊಲ್ಲಿಯ ಆಚೆಗೇ ನೋಡಿ. ಸ್ಟ್ಯಾನ್‌ಫರ್ಡ್‌ನಲ್ಲಿ ಒಂಬತ್ತು ಸೊರಾರಿಟಿಗಳಿದ್ದವು. ಹುಡುಗಿಯರ ಸಂಖ್ಯೆ ಏರಿತು, ಸೊರಾರಿಟಿಯಲ್ಲಿ ಜಾಗ ಅಷ್ಟೇ ಇತ್ತು. ಆಯ್ಕೆಯಾದವರು, ಆಗದವರು ಅಂತ ಎರಡು ಪಂಗಡವಾಗಿ ಕಹಿ ಹೆಚ್ಚಿತು. 1944ರಲ್ಲಿ ಟ್ರಸ್ಟಿಗಳು ಸೊರಾರಿಟಿಗಳನ್ನೇ ರದ್ದು ಮಾಡಿದರು. ಹುಡುಗರ ಫ್ರಾಟರ್ನಿಟಿಗಳನ್ನು ಮುಟ್ಟಲಿಲ್ಲ. ಸೊರಾರಿಟಿಗಳು ವಾಪಸ್ ಬಂದಿದ್ದು 1977ರಲ್ಲಿ, ಆಗಲೂ ಮನೆ ಇಲ್ಲದೆ. ಈ 33 ವರ್ಷದ ಮಧ್ಯೆ ಅಲ್ಲಿ ಓದಿದ ಹುಡುಗಿ "ಹುಡುಗರಿಗೆ ಮನೆ ಇದೆ, ನಮಗೆ ಯಾಕಿಲ್ಲ" ಎಂದು ಕೇಳಿದ್ದರೆ ಉತ್ತರ ಇಷ್ಟೇ: ಟ್ರಸ್ಟಿಗಳು ಬೇಡ ಅಂದರು. ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್‌ನಲ್ಲಿ ಬಹುಕಾಲ ಸೊರಾರಿಟಿಗಳು ಇದ್ದಿದ್ದು ಹಾಸ್ಟೆಲಿನ ಒಂದೊಂದು ಮಹಡಿಯಲ್ಲಿ. ಟೆನೆಸ್ಸಿಯ ವ್ಯಾಂಡರ್‌ಬಿಲ್ಟ್‌ನಲ್ಲಿ ಸೊರಾರಿಟಿಗಳಿಗೆ ಮನೆ ಇದೆ, ಆದರೆ ಆರು ಜನ ಪದಾಧಿಕಾರಿಗಳು ಮಾತ್ರ ಅಲ್ಲಿರಬಹುದು. ಅದು ವಿಶ್ವವಿದ್ಯಾಲಯದ ನಿಯಮ. ಆ 'ಆರು' ಎಂಬ ಸಂಖ್ಯೆ ಕೇಳಿದವರ ಕಿವಿಯಲ್ಲಿ ಕಾನೂನಾಗಿ ಬೆಳೆಯಲು ಎಷ್ಟು ಹೊತ್ತು ಬೇಕು?

ದುಡ್ಡಿನ ಕಾರಣವೂ ಇದೆ. ನೂರು ವರ್ಷದಿಂದ ಹಳೇ ವಿದ್ಯಾರ್ಥಿನಿಯರು ಕೂಡಿಟ್ಟ ಗಂಟು ಇಲ್ಲದಿದ್ದರೆ ಇವತ್ತಿನ ಬೆಲೆಗೆ ಕಾಲೇಜು ಊರಲ್ಲಿ ಮನೆ ಕೊಳ್ಳುವುದು ಕನಸಿನ ಮಾತು. 1998ರಲ್ಲಿ ಟೆಕ್ಸಾಸ್‌ನಲ್ಲಿ ದಕ್ಷಿಣ ಏಷ್ಯಾದ ಹುಡುಗಿಯರು ಕಪ್ಪಾ ಫೈ ಗಾಮಾ, ಡೆಲ್ಟಾ ಫೈ ಒಮೇಗಾ ಎಂಬ ಎರಡು ಸೊರಾರಿಟಿ ಕಟ್ಟಿದರು. ನಮ್ಮ ಕನ್ನಡದ ಮನೆಗಳ ಹುಡುಗಿಯರೂ ಇವಕ್ಕೆ ಸೇರುವುದುಂಟು. ಇವಕ್ಕೆ ಸಾಮಾನ್ಯವಾಗಿ ಸ್ವಂತ ಮನೆ ಇರುವುದಿಲ್ಲ. ಕಾಲೇಜಿನ ಕೋಣೆಯೊಂದರಲ್ಲಿ ಸಭೆ, ಯಾರದೋ ಅಪಾರ್ಟ್‌ಮೆಂಟ್‌ನಲ್ಲಿ ಊಟ.

ಇನ್ನು ಕೊನೆಗೆ ಹೇಳುತ್ತೇನೆ ಎಂದ ಕಾನೂನು. ಅದರ ಹೆಸರು ಜೋನಿಂಗ್. ಯಾವ ಬೀದಿಯಲ್ಲಿ ಏನು ಕಟ್ಟಬಹುದು, ಯಾರು ಇರಬಹುದು ಎಂದು ನಗರಸಭೆ ಗೆರೆ ಎಳೆಯುವುದು. ತಮಾಷೆಯೆಂದರೆ ಇದರ ತವರುಮನೆಗಳಲ್ಲಿ ಬರ್ಕ್ಲಿಯೂ ಒಂದು. 1916ರಲ್ಲಿ ಸೊರಾರಿಟಿ ಬೀದಿಗಳ ದಕ್ಷಿಣಕ್ಕಿರುವ ಎಲ್ಮ್‌ವುಡ್ ಬಡಾವಣೆಯಲ್ಲಿ ಒಂದು ಸೈಟಿಗೆ ಒಂದೇ ಕುಟುಂಬದ ಮನೆ ಎಂಬ ನಿಯಮ ಬಂತು. ಬಾಡಿಗೆ ಕೋಣೆಗಳ ಮನೆ, ಅಂಗಡಿ, ಲಾಂಡ್ರಿ ಬೇಡ ಅಂತ. ಲಾಂಡ್ರಿ ಬೇಡ ಎಂದರೆ ಚೀನೀಯರು ಬೇಡ ಎಂದು ಅರ್ಥ. ಎಲ್ಲರಿಗೂ ಗೊತ್ತಿದ್ದ ಗುಟ್ಟು.

ಆಮೇಲೆ ಪ್ರಶ್ನೆ ಬಂತು: ಕುಟುಂಬ ಎಂದರೆ ಯಾರು? ಅನೇಕ ಊರುಗಳು ರಕ್ತಸಂಬಂಧ ಅಥವಾ ಮದುವೆ ಸಂಬಂಧ ಇರುವವರು ಎಷ್ಟಾದರೂ ಸರಿ, ಸಂಬಂಧ ಇಲ್ಲದವರಾದರೆ ಇಬ್ಬರು, ಮೂವರು, ಐವರು ಅಂತ ಮಿತಿ ಹಾಕಿದವು. ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ ಬೆಲ್ ಟೆರ್ ಎಂಬ ಪುಟ್ಟ ಹಳ್ಳಿ. ಅಲ್ಲಿ ಮಿತಿ ಇಬ್ಬರು. ಪಕ್ಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಆರು ವಿದ್ಯಾರ್ಥಿಗಳು ಒಂದು ಮನೆ ಬಾಡಿಗೆಗೆ ಹಿಡಿದರು. ಹಳ್ಳಿಯವರು ಖಾಲಿ ಮಾಡಿ ಅಂದರು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1974ರಲ್ಲಿ ಏಳು ಜಡ್ಜ್‌ಗಳು ಹಳ್ಳಿಯ ಪರ, ಇಬ್ಬರು ವಿರುದ್ಧ. ತೀರ್ಪು ಬರೆದ ಜಸ್ಟಿಸ್ ಡಗ್ಲಸ್, ಬೋರ್ಡಿಂಗ್ ಮನೆ, ಫ್ರಾಟರ್ನಿಟಿ ಮನೆಗಳಿಂದ ಜನ ಜಾಸ್ತಿಯಾಗುತ್ತಾರೆ, ಕಾರು ಜಾಸ್ತಿಯಾಗುತ್ತವೆ, ಗಲಾಟೆಯೂ ಅವುಗಳ ಜೊತೆ ಬರುತ್ತದೆ ಎಂದರು. ಹೆಂಗಸರ ಬಗ್ಗೆ, ವೇಶ್ಯೆಯರ ಬಗ್ಗೆ ಅಲ್ಲಿ ಒಂದು ಮಾತಿಲ್ಲ. ಆರು ಗಂಡಸರಿದ್ದರೂ ಅದೇ, ಆರು ಹೆಂಗಸರಿದ್ದರೂ ಅದೇ. 'ಬ್ಯಾಚುಲರ್‌ಗಳಿಗೆ ಮನೆ ಕೊಡಲ್ಲ' ಎನ್ನುವ ಬೆಂಗಳೂರಿನ ಓನರ್‌ಗಳ ಮಾತನ್ನೇ ಕಾನೂನು ಭಾಷೆಯಲ್ಲಿ ಬರೆದರೆ ಹೀಗಿರುತ್ತದೆ. ನಿಮ್ಮ ಮಗಳು ಕೇಳಿದ ಕಥೆಯ ಬೇರು ಇಲ್ಲಿದೆ ಎಂದು ನನ್ನ ಅನುಮಾನ. ಇಂತಿಷ್ಟು ಜನಕ್ಕಿಂತ ಜಾಸ್ತಿ ಇರುವ ಹಾಗಿಲ್ಲ ಎಂಬುದು ಎಷ್ಟೋ ಊರಲ್ಲಿ ನಿಜ. ಅದಕ್ಕೆ ಕಾರಣ ಬೇಕಲ್ಲ? ಪಾರ್ಕಿಂಗ್ ಅಂತ ಹೇಳಿದರೆ ಕಥೆಗೆ ರುಚಿ ಎಲ್ಲಿ ಬರುತ್ತದೆ?

ಕ್ಯಾಲಿಫೋರ್ನಿಯಾದಲ್ಲಿ ಈ ಮಿತಿಯೂ ನಿಲ್ಲಲಿಲ್ಲ. ಸಾಂತಾ ಬಾರ್ಬರಾದಲ್ಲಿ ಹತ್ತು ಬೆಡ್‌ರೂಮಿನ ಒಂದು ದೊಡ್ಡ ಮನೆಯಲ್ಲಿ ಸಂಬಂಧವಿಲ್ಲದ 12 ಜನ ಒಟ್ಟಿಗೆ ಇದ್ದರು. ಊರಿನ ಮಿತಿ ಐದು. 1980ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಯಾರ ಜೊತೆ ಮನೆ ಮಾಡುತ್ತಾರೆ ಎಂಬುದು ಅವರವರ ಖಾಸಗಿ ವಿಷಯ ಎಂದು ಆ ನಿಯಮವನ್ನು ಹೊಡೆದುಹಾಕಿತು. 1972ರಲ್ಲಿ ಅಲ್ಲಿನ ಜನ ವೋಟು ಹಾಕಿ ತಮ್ಮ ಸಂವಿಧಾನಕ್ಕೆ ಸೇರಿಸಿದ್ದ ಖಾಸಗಿತನದ ಹಕ್ಕು ಎಂಟು ವರ್ಷಕ್ಕೆ ಹೀಗೆ ಕೈಹಿಡಿಯಿತು.

ಆದರೂ ನೆರೆಯವರ ತಕರಾರು ಮುಗಿದಿಲ್ಲ. ಬರ್ಕ್ಲಿಯ ಪೀಪಲ್ಸ್ ಪಾರ್ಕ್ ಎಂಬ ಜಾಗವನ್ನು ವಿಶ್ವವಿದ್ಯಾಲಯ 1967ರಲ್ಲಿ ಹಾಸ್ಟೆಲ್ ಕಟ್ಟುತ್ತೇವೆ ಎಂದು ಕೊಂಡು, ಅಲ್ಲಿದ್ದ ಮನೆಗಳನ್ನು ಕೆಡವಿಹಾಕಿತ್ತು. ಆಮೇಲೆ ಜಗಳ, ಚಳವಳಿ, ಗೋಲಿಬಾರ್. 2023ರಲ್ಲಿ ಒಂದು ಮೇಲ್ಮನವಿ ಕೋರ್ಟು, ವಿದ್ಯಾರ್ಥಿಗಳ ಗಲಾಟೆಯೂ ಪರಿಸರ ಮಾಲಿನ್ಯ, ಅದನ್ನು ಅಳೆಯದೆ ಅಲ್ಲಿ ಕಟ್ಟುವ ಹಾಗಿಲ್ಲ ಎಂದಿತು. ಅದೇ ವರ್ಷ ರಾಜ್ಯದ ಶಾಸನಸಭೆ, ಮನೆಯಲ್ಲಿರುವವರ ಸದ್ದು ಮಾಲಿನ್ಯವಲ್ಲ ಎಂದು ಕಾನೂನೇ ಮಾಡಬೇಕಾಯಿತು. 2024ರ ಜೂನ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಹಾಸ್ಟೆಲ್ ಕಟ್ಟಲು ದಾರಿ ಬಿಟ್ಟಿತು. ಕೊಂಡಿದ್ದು 1967ರಲ್ಲಿ ಎಂಬುದನ್ನು ಮರೆಯಬೇಡಿ.

ನಿಮ್ಮ ಮಗಳಿಗೆ ಹೀಗೆ ಹೇಳಿ. ಅವಳಿರುವ ಊರಿನ ಜೋನಿಂಗ್ ಕೋಡ್ ನಗರಸಭೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದರ ವ್ಯಾಖ್ಯಾನಗಳ ಭಾಗದಲ್ಲಿ 'ಫ್ಯಾಮಿಲಿ' ಎಂಬ ಪದ ಹುಡುಕಲಿ. ಸಂಬಂಧವಿಲ್ಲದವರು ಎಷ್ಟು ಜನ ಇರಬಹುದು ಎಂದು ಮಿತಿ ಹಾಕಿದ್ದರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ನಗರಸಭೆಯ ಪ್ಲ್ಯಾನಿಂಗ್ ಆಫೀಸಿಗೆ ಒಂದು ಫೋನ್ ಮಾಡಿ ಕೇಳಲಿ. ಬಾಡಿಗೆ ಕರಾರಿನಲ್ಲೂ ಎಷ್ಟು ಜನ ಎಂದು ಬರೆದಿರುತ್ತದೆ, ಅದನ್ನೂ ಓದಲಿ. ಎಂಟು ಜನ ಇದ್ದು ಐದು ಜನರ ಹೆಸರಷ್ಟೇ ಹಾಕಿ ಅಂತ ಓನರ್ ಹೇಳಿದರೆ ಒಪ್ಪಬಾರದು. ನೆರೆಯವರು ದೂರು ಕೊಟ್ಟರೆ ಹೆಸರಿಲ್ಲದ ಮೂವರು ಸೆಮಿಸ್ಟರ್ ಮಧ್ಯದಲ್ಲಿ ಪೆಟ್ಟಿಗೆ ಕಟ್ಟಬೇಕಾಗುತ್ತದೆ.